ರಿವರ್ಸ್ ಹಾಕಿದಾಗ ಮಾತ್ರ ಕಾರು ಕರಕರ ಅನ್ನುವುದೇಕೆ?

ಮುಂದಕ್ಕೆ ಹೋಗುವಾಗ ಏನೂ ಸದ್ದಿಲ್ಲ. ಹಿಂದಕ್ಕೆ ತೆಗೆದರೆ ಮಾತ್ರ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಕರಕರ. ಮಳೆಗಾಲದಲ್ಲಿ, ಅದರಲ್ಲೂ ಕಾರು ನಾಲ್ಕೈದು ದಿನ ನಿಂತಲ್ಲೇ ನಿಂತಿದ್ದ ಮೇಲೆ, ಈ ದೂರು ಜಾಸ್ತಿ. ಈಚೆಗೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗಂತೂ ಎದೆ ಧಸಕ್ ಅನ್ನುತ್ತದೆ. ಗೇರ್ ಬಾಕ್ಸೇ ಹೋಯ್ತೇನೋ ಅಂತ.

ಸಾಮಾನ್ಯವಾಗಿ ಹೋಗಿರುವುದಿಲ್ಲ. ಈ ಸದ್ದಿಗೆ ಕಾರಣ ಬ್ರೇಕಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಜಲ್ಲಿ ಚೂರು ಆಗಿರಬಹುದು. ಸವೆದು ಮುಗಿದ ಬ್ರೇಕ್ ಪ್ಯಾಡೂ ಆಗಿರಬಹುದು. ಮೊದಲನೆಯದಕ್ಕೆ ಖರ್ಚೇ ಇಲ್ಲ. ಎರಡನೆಯದಾದರೆ ಕಾರು ರಸ್ತೆಗೆ ಇಳಿಸುವುದೇ ಅಪಾಯ. ಎರಡೂ ಕಿವಿಗೆ ಹೆಚ್ಚು ಕಡಿಮೆ ಒಂದೇ ಥರ ಕೇಳುತ್ತವೆ, ಅಲ್ಲೇ ತೊಡಕು. ಹಾಗಾಗಿ ಸದ್ದು ಹೇಗಿದೆ ಅನ್ನುವುದಕ್ಕಿಂತ ಯಾವ ಗಳಿಗೆಯಲ್ಲಿ ಬರುತ್ತದೆ ಅನ್ನುವುದನ್ನು ಹಿಡಿಯಬೇಕು.

ಹಿಂದಕ್ಕೆ ಹೋಗುವಾಗ ಏನೇನು ಬದಲಾಗುತ್ತದೆ?

ಗೇರ್ ಬಾಕ್ಸಿನೊಳಗೆ, ಮುಂದಕ್ಕೆ ಹೋಗುವ ಗೇರುಗಳಲ್ಲಿ ಇಲ್ಲದ ಇನ್ನೊಂದು ಚಕ್ರ ಕೆಲಸಕ್ಕೆ ಬರುತ್ತದೆ. ಗಾಲಿಗಳಿಗೆ ಶಕ್ತಿ ಮುಟ್ಟಿಸುವ ಜಾಯಿಂಟುಗಳ ಮೇಲೆ ಒತ್ತಡ ಉಲ್ಟಾ ಬೀಳುತ್ತದೆ. ಇಂಜಿನ್ ತನ್ನನ್ನು ಹೊತ್ತ ರಬ್ಬರ್ ಮೌಂಟಿಂಗ್ ಮೇಲೆ ಇನ್ನೊಂದು ದಿಕ್ಕಿಗೆ ವಾಲುತ್ತದೆ. ಬ್ರೇಕ್ ಪ್ಯಾಡುಗಳು ತಮ್ಮ ಗೂಡಿನಲ್ಲಿ ಈ ತುದಿಯಿಂದ ಆ ತುದಿಗೆ ಸರಿಯುತ್ತವೆ. ಇವಿಷ್ಟು ಯಂತ್ರದ ಒಳಗಿನ ಬದಲಾವಣೆ.

ಯಂತ್ರಕ್ಕೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ನಮ್ಮಲ್ಲಿ ಹೆಚ್ಚಿನವರು ಕಾರನ್ನು ಮೂತಿ ಒಳಗೆ ಮಾಡಿ ನಿಲ್ಲಿಸುತ್ತೇವೆ. ಅಂದರೆ ಬೆಳಿಗ್ಗೆ ಕಾರಿನ ಮೊದಲ ಚಲನೆಯೇ ರಿವರ್ಸ್. ರಾತ್ರಿ ಪೂರ್ತಿ ತೇವದಲ್ಲಿ ನಿಂತ ಬ್ರೇಕು ಮೊದಲ ಸಲ ಉಜ್ಜುವ ಸದ್ದನ್ನು ನಾವು ರಿವರ್ಸ್ ಗೇರಿನ ತಲೆಗೆ ಕಟ್ಟುತ್ತೇವೆ. ಜೊತೆಗೆ ಬೇಸ್‌ಮೆಂಟ್ ಪಾರ್ಕಿಂಗಿನ ಗೋಡೆಗಳು ಸದ್ದನ್ನು ವಾಪಸ್ ಎಸೆಯುತ್ತವೆ. ರೇಡಿಯೊ ಆಫ್, ಕಿಟಕಿ ಇಳಿಸಿದೆ, ವೇಗವಿಲ್ಲ. ಟಾರು ರಸ್ತೆಯಲ್ಲಿ ಕೇಳದೇ ಹೋಗುವುದು ಇಲ್ಲಿ ಎರಡರಷ್ಟಾಗಿ ಕೇಳುತ್ತದೆ.

ಆದ್ದರಿಂದ ಮೊದಲ ಪರೀಕ್ಷೆ ಸುಲಭ. ಹತ್ತು ಹದಿನೈದು ನಿಮಿಷ ಕಾರು ಓಡಿಸಿ, ಬ್ರೇಕ್ ಎಲ್ಲಾ ಬಳಕೆಯಾದ ಮೇಲೆ, ಖಾಲಿ ಮೈದಾನದಲ್ಲಿ ರಿವರ್ಸ್ ತೆಗೆದು ನೋಡಿ. ಸದ್ದು ಮಾಯವಾಗಿದ್ದರೆ ಅದು ರಿವರ್ಸಿನ ಸದ್ದಲ್ಲ, ಬೆಳಗಿನ ಸದ್ದು. ಇನ್ನೂ ಇದ್ದರೆ ನಾಲ್ಕು ವಿಷಯ ಗಮನಿಸಿ: ಗೇರ್ ಹಾಕುವಾಗ ಬರುತ್ತದೋ, ಬ್ರೇಕ್ ಮುಟ್ಟದೆ ಸುಮ್ನೆ ಹಿಂದಕ್ಕೆ ಉರುಳುವಾಗಲೋ, ಬ್ರೇಕ್ ಒತ್ತಿದಾಗಲೋ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೋ. ಹೊರಗೆ ಒಬ್ಬರು ಪಕ್ಕದಲ್ಲೇ ನಡೆದು ಕೇಳಿಸಿಕೊಂಡರೆ ಯಾವ ಗಾಲಿ ಅನ್ನುವುದೂ ಗೊತ್ತಾಗುತ್ತದೆ. ಪಕ್ಕದಲ್ಲಿ ಮಾತ್ರ, ಕಾರಿನ ಹಿಂದೆ ಯಾರೂ ನಿಲ್ಲಬಾರದು.

ಗೇರ್ ಹಾಕುವಾಗ ಬರುವ "ಕರ್ರ್"

ಕಾರು ಇನ್ನೂ ಕದಲಿಲ್ಲ. ಗೇರ್ ಲಿವರ್ ರಿವರ್ಸಿಗೆ ತಳ್ಳಿದ ಕೂಡಲೇ ಕರ್ರ್ ಅಂತ ಹಲ್ಲಿಗೆ ಹಲ್ಲು ತಾಗುತ್ತದೆ, ಕೈಗೂ ಅದುರುವುದು ಗೊತ್ತಾಗುತ್ತದೆ. ಮ್ಯಾನುವಲ್ ಕಾರುಗಳಲ್ಲಿ ಇದು ತೀರಾ ಸಾಮಾನ್ಯ. ಇದು ಅರ್ಥವಾಗಬೇಕಾದರೆ ಗೇರ್ ಬಾಕ್ಸಿನೊಳಗೆ ಸ್ವಲ್ಪ ಇಣುಕಬೇಕು.

ಹಲ್ಲಿಗೆ ಹಲ್ಲು ಕೂಡಿಕೊಂಡ ಎರಡು ಚಕ್ರಗಳು ಯಾವಾಗಲೂ ಒಂದಕ್ಕೊಂದು ವಿರುದ್ಧವಾಗಿ ತಿರುಗುತ್ತವೆ. ನಡುವೆ ಮೂರನೆಯ ಚಕ್ರ ತಂದಿಟ್ಟರೆ ಕೊನೆಯ ಚಕ್ರದ ದಿಕ್ಕು ಬದಲಾಗುತ್ತದೆ. ರಿವರ್ಸ್ ಗೇರ್ ಅಂದರೆ ಇಷ್ಟೇ. ಆ ಮೂರನೆಯ ಚಕ್ರಕ್ಕೆ ಐಡ್ಲರ್ ಗೇರ್ ಅನ್ನುತ್ತಾರೆ. ಮುಂದಿನ ಗೇರುಗಳ ಚಕ್ರಗಳು ಸದಾ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಆದರೆ ಎಷ್ಟೋ ಕಾರುಗಳಲ್ಲಿ ಐಡ್ಲರ್ ಪಕ್ಕಕ್ಕೆ ಸರಿದಿರುತ್ತದೆ. ನಾವು ಲಿವರ್ ತಳ್ಳಿದಾಗ ಅದು ಜಾರಿಕೊಂಡು ಬಂದು ಎರಡು ಚಕ್ರಗಳ ನಡುವೆ ತೂರಿಕೊಳ್ಳಬೇಕು.

ತೂರುವಾಗ ಅಲ್ಲಿನ ಚಕ್ರ ತಿರುಗುತ್ತಿದ್ದರೆ? ಮುಂದಿನ ಗೇರುಗಳಲ್ಲಿ ಇದಕ್ಕೊಂದು ಪರಿಹಾರವಿದೆ, ಸಿಂಕ್ರೊಮೆಷ್. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಮೊದಲು ಬಂದದ್ದು. ಓಡುವ ಬಸ್ಸು ಹತ್ತುವವನು ಬಾಗಿಲ ಕಂಬಿ ಹಿಡಿದು ನಾಲ್ಕು ಹೆಜ್ಜೆ ಬಸ್ಸಿನ ಜೊತೆಗೇ ಓಡಿ, ವೇಗ ಒಂದಾದ ಮೇಲೆ ಕಾಲು ಎತ್ತಿಡುತ್ತಾನಲ್ವಾ? ಸಿಂಕ್ರೊ ಮಾಡುವುದೂ ಅದನ್ನೇ. ಗೇರಿನ ಚಕ್ರ ತನ್ನ ಶಾಫ್ಟಿಗೆ, ಅಂದರೆ ಚಕ್ರಗಳನ್ನು ಹೊತ್ತ ದಂಡಕ್ಕೆ, ಜೋಡಿಕೊಳ್ಳುವ ಮುಂಚೆ ಎರಡರ ವೇಗವನ್ನೂ ಸಮ ಮಾಡುತ್ತದೆ. ರಿವರ್ಸ್ ಹಾಕುವಾಗ ಕಾರು ಹೇಗೂ ನಿಂತಿರುತ್ತದೆ, ಇದರ ಅಗತ್ಯವೇನು ಅಂತ ಎಷ್ಟೋ ಗೇರ್ ಬಾಕ್ಸುಗಳಲ್ಲಿ ರಿವರ್ಸಿಗೆ ಸಿಂಕ್ರೊ ಕೊಟ್ಟಿರುವುದಿಲ್ಲ. ಕೆಲವು ಹೊಸ ಕಾರುಗಳಲ್ಲಿ ಮಾತ್ರ ಇರುತ್ತದೆ.

ಕಾರು ನಿಂತಿದ್ದರೂ ಒಳಗಿನ ಶಾಫ್ಟ್ ನಿಂತಿರಬೇಕೆಂದಿಲ್ಲ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಿರುವಾಗ ಅದೂ ಇಂಜಿನ್ ಜೊತೆ ಸುತ್ತುತ್ತಿರುತ್ತದೆ. ಕ್ಲಚ್ ಒತ್ತಿದ ಮೇಲೂ ಒಂದೆರಡು ಸೆಕೆಂಡ್ ತನ್ನ ಓಘದಲ್ಲೇ ಸುತ್ತಿ ಆಮೇಲೆ ನಿಲ್ಲುತ್ತದೆ. ಅವಸರದಲ್ಲಿ ಅಷ್ಟರೊಳಗೆ ರಿವರ್ಸ್ ತಳ್ಳಿದರೆ ಕರ್ರ್.

ಹಾಗಾಗಿ ಕಾರು ಪೂರ್ತಿ ನಿಲ್ಲಲಿ. ಕ್ಲಚ್ ತಳಮುಟ್ಟ ಒತ್ತಿ, ಎರಡು ಮೂರು ಸೆಕೆಂಡ್ ತಡೆದು ರಿವರ್ಸ್ ಹಾಕಿ. ಇನ್ನೊಂದು ಉಪಾಯವೂ ಇದೆ, ಹಳೇ ಡ್ರೈವರುಗಳಿಗೆಲ್ಲ ಗೊತ್ತಿರುವಂಥದ್ದು: ಕ್ಲಚ್ ಒತ್ತಿಕೊಂಡೇ ಮೊದಲು ಫಸ್ಟ್ ಗೇರಿಗೆ ಹಾಕಿ, ಅಲ್ಲಿಂದ ರಿವರ್ಸಿಗೆ ಬನ್ನಿ. ಫಸ್ಟ್ ಗೇರಿನ ಸಿಂಕ್ರೊ ಸುತ್ತುವ ಶಾಫ್ಟನ್ನು ನಿಂತ ಗಾಲಿಗಳಿಗೆ ಜೋಡಿಸಿ ನಿಲ್ಲಿಸಿಬಿಡುತ್ತದೆ. ಒಮ್ಮೊಮ್ಮೆ ಸದ್ದೂ ಇಲ್ಲದೆ ಗೇರೂ ಬೀಳದೆ ಲಿವರ್ ಅಡ್ಡ ನಿಲ್ಲುತ್ತದೆ. ಆಗ ಹಲ್ಲಿನ ತುದಿಗೆ ಹಲ್ಲಿನ ತುದಿ ಎದುರಾಗಿರುತ್ತದೆ, ಅಷ್ಟೇ. ಜೋರು ಮಾಡಬೇಡಿ. ನ್ಯೂಟ್ರಲ್‌ಗೆ ತಂದು ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿದರೆ ಸರಿಹೋಗುತ್ತದೆ.

ಅಪರೂಪಕ್ಕೊಮ್ಮೆ ಕರ್ರ್ ಅಂದರೆ ಏನೂ ಆಗುವುದಿಲ್ಲ. ದಿನಾ ಆದರೆ ಹಲ್ಲಿನ ಅಂಚುಗಳು ಮೊಂಡಾಗುತ್ತವೆ, ಕಬ್ಬಿಣದ ಪುಡಿ ಗೇರ್ ಆಯಿಲ್ ಸೇರುತ್ತದೆ. ಮುಂದೊಂದು ದಿನ ರಿವರ್ಸ್ ಗೇರ್ ತಾನೇ ಜಾರಿ ನ್ಯೂಟ್ರಲ್‌ಗೆ ಬರಲು ಶುರುವಾಗುತ್ತದೆ. ಆಗ ಗೇರ್ ಬಾಕ್ಸ್ ಬಿಚ್ಚದೆ ವಿಧಿಯಿಲ್ಲ.

ಕಾದರೂ ಕರ್ರ್ ಅಂದರೆ ಕ್ಲಚ್ ನೋಡಿ

ಐದು ಸೆಕೆಂಡ್ ಕಾದರೂ ಸದ್ದು ಬಂದರೆ ಶಾಫ್ಟ್ ನಿಲ್ಲುತ್ತಿಲ್ಲ ಅಂತ ಅರ್ಥ. ಅಂದರೆ ಕ್ಲಚ್ ಇಂಜಿನ್ನಿನಿಂದ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಖಚಿತ ಮಾಡಿಕೊಳ್ಳಲು ಇಂಜಿನ್ ಆಫ್ ಮಾಡಿ ರಿವರ್ಸ್ ಹಾಕಿ ನೋಡಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಆನ್ ಇದ್ದಾಗ ಮಾತ್ರ ಕಿರುಚಿದರೆ ಅನುಮಾನ ಕ್ಲಚ್ಚಿನ ಮೇಲೆ. ಗೇರ್ ಹಾಕಿ ಕ್ಲಚ್ ಪೂರ್ತಿ ಒತ್ತಿದ್ದರೂ ಕಾರು ಮೆಲ್ಲಗೆ ಸರಿಯುತ್ತಿದ್ದರೆ ಅನುಮಾನವೇ ಬೇಡ.

ಮೊದಲು ಕಾಲಡಿ ನೋಡಿ. ಒಂದರ ಮೇಲೊಂದು ಎರಡು ಮ್ಯಾಟ್ ಹಾಸಿದ್ದರೆ ಪೆಡಲ್ ತಳ ಮುಟ್ಟುವುದೇ ಇಲ್ಲ. ಸೀಟು ಹಿಂದೆ ಸರಿದಿದ್ದರೂ ಇದೇ ಕಥೆ. ಇವು ಸರಿ ಇದ್ದರೆ ಮುಂದಿನದು ಕ್ಲಚ್ ಕೇಬಲ್. ಕೇಬಲ್ ಇರುವ ಕಾರುಗಳಲ್ಲಿ ಅದು ಸಡಿಲಾಗಿದ್ದರೆ ಅಡ್ಜಸ್ಟ್ ಮಾಡುವುದು ಸಣ್ಣ ಕೆಲಸ. ಹೈಡ್ರಾಲಿಕ್ ಕ್ಲಚ್ ಆದರೆ ಆಯಿಲ್ ಸೋರಿದೆಯೋ, ಲೈನಿನಲ್ಲಿ ಗಾಳಿ ಸೇರಿದೆಯೋ ನೋಡಬೇಕು. ಕೊನೆಯದು ಕ್ಲಚ್ಚಿನ ಒಳಗಿನ ಭಾಗಗಳು: ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್. ಇವನ್ನು ಬದಲಿಸಲು ಗೇರ್ ಬಾಕ್ಸ್ ಇಳಿಸಲೇಬೇಕು, ಕೂಲಿ ಜಾಸ್ತಿ. ಒಂದು ಹೋಗಿದ್ದರೂ ಮೂರನ್ನೂ ಒಟ್ಟಿಗೇ ಹಾಕಿಸಿ ಅಂತ ಮೆಕ್ಯಾನಿಕ್ ಹೇಳುವುದು ಇದಕ್ಕೇ. ಆ ಮಾತು ನ್ಯಾಯವಾದದ್ದೇ.

"ಗುಂಯ್" ಅನ್ನುವುದು ಕಾಯಿಲೆಯಲ್ಲ

ಗೇರ್ ಸರಿಯಾಗಿ ಬಿದ್ದಿದೆ, ಕಾರು ಹಿಂದಕ್ಕೆ ಹೋಗುತ್ತಿದೆ, ವೇಗ ಹೆಚ್ಚಿದಷ್ಟೂ ಗುಂಯ್ ಅನ್ನುವ ಸದ್ದು ಏರುತ್ತದೆ. ಹೆಚ್ಚಿನ ಮ್ಯಾನುವಲ್ ಕಾರುಗಳಲ್ಲಿ ಇದು ಹುಟ್ಟುಗುಣ. ಮುಂದಿನ ಗೇರುಗಳ ಹಲ್ಲುಗಳನ್ನು ಓರೆಯಾಗಿ ಕೊರೆದಿರುತ್ತಾರೆ. ಅವು ಒಂದು ತುದಿಯಿಂದ ನಿಧಾನವಾಗಿ ಕೂಡಿಕೊಳ್ಳುವುದರಿಂದ ಸದ್ದು ಕಡಿಮೆ. ರಿವರ್ಸಿನ ಹಲ್ಲುಗಳು ನೇರ. ಉದ್ದಕ್ಕೂ ಒಂದೇ ಸಲ ತಾಗುತ್ತವೆ, ಹಾಗಾಗಿ ಗಲಾಟೆ ಹೆಚ್ಚು. ನೇರ ಹಲ್ಲಾದ್ದರಿಂದಲೇ ಐಡ್ಲರ್ ಪಕ್ಕದಿಂದ ಜಾರಿ ಬಂದು ಕೂಡಲು ಸಾಧ್ಯ. ಕಾರು ಹೊಸದಿದ್ದಾಗಿನಿಂದಲೂ ಅಷ್ಟೇ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಈಚೆಗೆ ಹೆಚ್ಚಾಗಿದ್ದರೆ, ಮುಂದಿನ ಗೇರುಗಳಲ್ಲೂ ಕೇಳಿಸುತ್ತಿದ್ದರೆ, ಗೇರ್ ಆಯಿಲ್ ಕಡಿಮೆಯಾಗಿದೆಯೇ ನೋಡಿಸಿ. ಆಯಿಲ್ ಸೀಲ್ ಸೋರಿ ಕಾರು ನಿಂತ ಜಾಗದಲ್ಲಿ ಕಲೆ ಬಿದ್ದಿರುತ್ತದೆ.

ಗಾಲಿಯ ಬಳಿ ಕರಕರ: ಬ್ರೇಕ್

ಇದು ಎಲ್ಲಕ್ಕಿಂತ ಗಮನ ಬೇಡುವ ಜಾಗ. ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್.

ಡಿಸ್ಕ್ ಅನ್ನುವುದು ಗಾಲಿಯ ಜೊತೆ ತಿರುಗುವ ಎರಕದ ಕಬ್ಬಿಣದ ತಟ್ಟೆ. ಬಣ್ಣವಿಲ್ಲದ ಕಬ್ಬಿಣ, ಒಂದು ರಾತ್ರಿಯ ಮಳೆಗೆ ಕಿತ್ತಳೆ ಬಣ್ಣದ ತೆಳು ತುಕ್ಕು ಹಿಡಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಇನ್ನೂ ಬೇಗ. ಬೆಳಿಗ್ಗೆ ಮೊದಲ ನಾಲ್ಕೈದು ಬ್ರೇಕಿನಲ್ಲಿ ಪ್ಯಾಡುಗಳು ಅದನ್ನು ಉಜ್ಜಿ ತೆಗೆಯುತ್ತವೆ, ಸದ್ದು ಅಲ್ಲಿಗೆ ಮುಗಿಯಿತು. ಕಾರು ತಿಂಗಳುಗಟ್ಟಲೆ ನಿಂತಿದ್ದರೆ ಮಾತ್ರ ತುಕ್ಕು ಒಳಗೆ ಇಳಿದು ಡಿಸ್ಕಿನ ಮೈ ಗುಳಿ ಬೀಳುತ್ತದೆ. ಅದು ಉಜ್ಜಿದರೆ ಹೋಗುವುದಿಲ್ಲ. ಲೇತಿಗೆ ಹಾಕಿ ಸಮ ಮಾಡಿಸಬೇಕು, ಇಲ್ಲವೇ ಹೊಸ ಡಿಸ್ಕ್ ಹಾಕಿಸಬೇಕು. ಡಿಸ್ಕ್ ಕನಿಷ್ಠ ಎಷ್ಟು ದಪ್ಪ ಇರಬೇಕು ಅನ್ನುವುದನ್ನು ಸಾಮಾನ್ಯವಾಗಿ ಅದರ ಮೇಲೇ ಕೆತ್ತಿರುತ್ತಾರೆ. ಅದಕ್ಕಿಂತ ತೆಳ್ಳಗೆ ಲೇತ್ ಹಿಡಿಸಬಾರದು.

ಡಿಸ್ಕಿನ ಹಿಂದೆ ಒಂದು ತೆಳು ತಗಡು ಇರುತ್ತದೆ, ಡಸ್ಟ್ ಶೀಲ್ಡ್. ಜಲ್ಲಿ ರಸ್ತೆಯಲ್ಲಿ ಹೋಗಿ ಬಂದ ಮೇಲೆ ಒಂದು ಕಲ್ಲು ಇವೆರಡರ ನಡುವೆ ಕೂತರೆ ಸದ್ದು ಭಯಂಕರ, ಕಿವಿ ಮುಚ್ಚಿಕೊಳ್ಳಬೇಕು. ಬ್ರೇಕ್ ಒತ್ತಿದರೂ ಬಿಟ್ಟರೂ ಗಾಲಿ ತಿರುಗಿದಷ್ಟು ಹೊತ್ತೂ ಕೀರಲು. ಖಾಲಿ ಜಾಗದಲ್ಲಿ ನಾಲ್ಕು ಸಲ ಮುಂದೆ ಹಿಂದೆ ಮಾಡಿದರೆ ಎಷ್ಟೋ ಸಲ ಕಲ್ಲು ತಾನೇ ಉದುರುತ್ತದೆ. ತಗಡೇ ಬಗ್ಗಿ ಡಿಸ್ಕಿಗೆ ತಾಗುತ್ತಿದ್ದರೆ ಗಾಲಿ ಬಿಚ್ಚಿ ಸ್ಕ್ರೂಡ್ರೈವರಿನಲ್ಲಿ ಸ್ವಲ್ಪ ಹಿಂದಕ್ಕೆ ಬಗ್ಗಿಸಿದರೆ ಸಾಕು. ಈಗಷ್ಟೇ ಓಡಿಸಿ ಬಂದ ಕಾರಿನ ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತದೆ.

ಇನ್ನು ಪ್ಯಾಡ್. ಬ್ರೇಕ್ ಒತ್ತಿದಾಗ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವುದು ಇವೇ. ಹೊಸದರಲ್ಲಿ ಉಜ್ಜುವ ಪದಾರ್ಥ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. 3 ಮಿ.ಮೀ.ಗೆ ಇಳಿದರೆ ಬದಲಿಸುವ ಹೊತ್ತು. ಎಷ್ಟೋ ಪ್ಯಾಡುಗಳಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇಟ್ಟಿರುತ್ತಾರೆ, ಸವೆತ ಆ ಮಟ್ಟ ಮುಟ್ಟಿದಾಗ ಅದು ಡಿಸ್ಕಿಗೆ ತಾಗಿ ಕೀಂಯ್ ಅನ್ನುತ್ತದೆ. ಎಚ್ಚರಿಸಲೆಂದೇ ಇಟ್ಟ ಸದ್ದು ಅದು. ಅದನ್ನೂ ಕಡೆಗಣಿಸಿದರೆ ಪದಾರ್ಥ ಪೂರ್ತಿ ಸವೆದು ಹಿಂದಿನ ಕಬ್ಬಿಣದ ಪಟ್ಟಿಯೇ ಡಿಸ್ಕನ್ನು ಕೊರೆಯುತ್ತದೆ. ಆಗ ಬರುವುದು ಗರಗರ. ಬ್ರೇಕ್ ಒತ್ತಿದಾಗ ಗರಗರ ಹೆಚ್ಚಾದರೆ, ಡಿಸ್ಕಿನ ಮೇಲೆ ವೃತ್ತಾಕಾರದ ಗೀರುಗಳು ಕಂಡರೆ, ಆ ಕಾರನ್ನು ಗ್ಯಾರೇಜಿನವರೆಗೂ ಓಡಿಸಬೇಡಿ. ಮೆಕ್ಯಾನಿಕ್‌ನನ್ನೇ ಕರೆಸಿ.

ಅಲಾಯ್ ವೀಲಿನ ಸಂದಿಯಿಂದ ಟಾರ್ಚ್ ಬಿಟ್ಟರೆ ಹೊರಗಿನ ಪ್ಯಾಡ್ ಕಾಣುತ್ತದೆ. ಆದರೆ ಅದನ್ನಷ್ಟೇ ನಂಬಬೇಡಿ, ಒಳಗಿನ ಪ್ಯಾಡ್ ಎಷ್ಟೋ ಸಲ ಬೇಗ ಸವೆದಿರುತ್ತದೆ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯನ್ನೂ ನೋಡಿ. ಪ್ಯಾಡ್ ಸವೆದಂತೆಲ್ಲ ಅದರ ಮಟ್ಟ ಇಳಿಯುತ್ತಾ ಬರುತ್ತದೆ.

ರಿವರ್ಸಿನಲ್ಲಿ ಬ್ರೇಕ್ ಒತ್ತಿದಾಗ ಒಂದೇ ಒಂದು ಸಲ "ಟಕ್" ಅಂದರೆ ಅದು ಬೇರೆ. ಪ್ಯಾಡು ತನ್ನ ಗೂಡಿನಲ್ಲಿ ಕೂದಲೆಳೆಯಷ್ಟು ಸಡಿಲವಾಗಿರುತ್ತದೆ. ಮುಂದೆ ಹೋಗುವಾಗ ಡಿಸ್ಕ್ ಅದನ್ನು ಒಂದು ತುದಿಗೆ ಎಳೆದಿರುತ್ತದೆ, ಹಿಂದೆ ಬರುವಾಗ ಇನ್ನೊಂದು ತುದಿಗೆ. ಆ ಸರಿದಾಟದ ಸದ್ದು. ತೀರಾ ಜೋರಾಗಿದ್ದರೆ ಪ್ಯಾಡ್ ಹಿಡಿಯುವ ಕ್ಲಿಪ್ ಬಿದ್ದುಹೋಗಿರಬಹುದು.

ಹಿಂದಿನ ಗಾಲಿಯ ಜೊತೆ ತಿರುಗುವ ಡಬ್ಬಿಯಂಥ ಡ್ರಮ್ಮಿನೊಳಗೆ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಎರಡು ಬ್ರೇಕ್ ಶೂಗಳಿರುತ್ತವೆ. ಮುಂದೆ ಹೋಗುವಾಗ ಒಂದು ಶೂ ಹೆಚ್ಚು ಕೆಲಸ ಮಾಡುತ್ತದೆ. ರಿವರ್ಸಿನಲ್ಲಿ ಆ ಭಾರ ಇನ್ನೊಂದಕ್ಕೆ ಬೀಳುತ್ತದೆ. ಆ ಇನ್ನೊಂದರ ಸ್ಪ್ರಿಂಗ್ ಸಡಿಲಾಗಿದ್ದರೆ, ಅದರ ಮೇಲಿನ ಉಜ್ಜುವ ಪಟ್ಟಿ (ಲೈನರ್) ಎದ್ದಿದ್ದರೆ, ಹಿಂದಕ್ಕೆ ಬರುವಾಗ ಮಾತ್ರ ಸದ್ದು ಬರುವುದು ಸಹಜ. ಸವೆದ ಪುಡಿ ತುಂಬಿಕೊಂಡರೂ ಕರಕರ ಅನ್ನುತ್ತದೆ. ಡ್ರಮ್ ಬಿಚ್ಚಿ ತೊಳೆದರೆ ಸಾಕು. ಬಾಯಲ್ಲೋ ಏರ್ ಪೈಪಿನಲ್ಲೋ ಊದಿಸಬೇಡಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಳೆಯಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಊರಿಗೆ ಹೋಗುವಾಗ ಸಮತಟ್ಟಾದ ಜಾಗದಲ್ಲಿ ಕಾರನ್ನು ಗೇರಿನಲ್ಲಿ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ ಹೋಗುವುದು ಮೇಲು.

ಸ್ಟೇರಿಂಗ್ ತಿರುಗಿಸಿದಾಗ ಮಾತ್ರ ಬಂದರೆ

ಮುಂದಿನ ಗಾಲಿ ಎಳೆಯುವ ಕಾರುಗಳಲ್ಲಿ ಗೇರ್ ಬಾಕ್ಸಿನಿಂದ ಗಾಲಿಗೆ ಹೋಗುವ ಶಾಫ್ಟಿನ ತುದಿಯಲ್ಲಿ ಸಿವಿ ಜಾಯಿಂಟ್ ಇರುತ್ತದೆ. ಗಾಲಿ ಓರೆಯಾಗಿದ್ದರೂ ಅದನ್ನು ತಿರುಗಿಸುವುದು ಅದರ ಕೆಲಸ. ಅದರ ಮೇಲೆ ಗ್ರೀಸ್ ತುಂಬಿದ ನೆರಿಗೆಯ ರಬ್ಬರ್ ಬೂಟ್. ಬೂಟ್ ಹರಿದರೆ ಗ್ರೀಸ್ ಸಿಡಿದು ಗಾಲಿಯ ಒಳಮೈ ಕಪ್ಪಗಾಗುತ್ತದೆ, ದೂಳು ನೀರು ಒಳಗೆ ಹೋಗಿ ಜಾಯಿಂಟ್ ಸವೆಯುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ರಿವರ್ಸ್ ತೆಗೆದರೆ ಕಟಕಟ ಸದ್ದು ಸ್ಪಷ್ಟ. ಹರಿದ ಹೊಸತರಲ್ಲೇ ಕಂಡರೆ ಬೂಟ್ ಮತ್ತು ಗ್ರೀಸಿನಲ್ಲಿ ಮುಗಿಯುತ್ತದೆ, ತಡವಾದರೆ ಜಾಯಿಂಟೇ ಬೇಕು. ಬೊಲೆರೊ, ಸ್ಕಾರ್ಪಿಯೊದಂಥ ಹಿಂದಿನ ಗಾಲಿ ತಳ್ಳುವ ಗಾಡಿಗಳಲ್ಲಿ ಹೊರಟ ಕೂಡಲೇ "ಕಟ್" ಅಂದರೆ ಹಿಂದಿನ ಗಾಲಿಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ (ಕ್ರಾಸ್) ನೋಡಿಸಬೇಕು.

ಬಂಪರಿನ ಅಡಿಯ ಪ್ಲಾಸ್ಟಿಕ್ ಕೂಡ ಭಲೇ ಮೋಸ ಮಾಡುತ್ತದೆ. ಹಂಪ್‌ಗೆ ತಾಗಿ ಸ್ಕ್ರೂ ಬಿದ್ದುಹೋದರೆ ಅದು ಜೋತಾಡುತ್ತದೆ. ಮುಂದೆ ಹೋಗುವಾಗ ನೆಲದ ಮೇಲೆ ಸುಮ್ನೆ ಜಾರುತ್ತಾ ಬರುತ್ತದೆ. ಹಿಂದಕ್ಕೆ ಬರುವಾಗ ಅದರ ಅಂಚು ನೆಲಕ್ಕೆ ಕಚ್ಚಿ ಮಡಚಿಕೊಳ್ಳುತ್ತದೆ. ಸಾವಿರಾರು ರೂಪಾಯಿಯ ಸದ್ದು, ಎರಡು ಸ್ಕ್ರೂವಿನ ಕೆಲಸ. ಗಾಲಿಯ ಮೇಲಿನ ಮಡ್‌ಗಾರ್ಡ್ ಲೈನರ್ ಕಳಚಿ ಟೈರಿಗೆ ಉಜ್ಜುವುದೂ ಹೀಗೇ.

ಇಂಜಿನ್ ಮೌಂಟಿಂಗ್ ಹೋಗಿದ್ದರೆ ಸದ್ದಿನ ಜೊತೆ ಅದುರುವುದೂ ಇರುತ್ತದೆ. ರಿವರ್ಸಿನಲ್ಲಿ ಇಂಜಿನ್ ಹೆಚ್ಚು ವಾಲಿ, ಸೈಲೆನ್ಸರ್ ಪೈಪ್ ಎಲ್ಲೋ ಕಾರಿನ ಮೈಗೆ ತಾಗುತ್ತದೆ.

ಕ್ಲಚ್ ಪೆಡಲ್ ಇಲ್ಲದ ಕಾರುಗಳಲ್ಲಿ

2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ನಮ್ಮಲ್ಲಿ ಎಎಂಟಿ ಕಾರುಗಳು ಹೆಚ್ಚಿದವು. ಅವುಗಳ ಒಳಗಿರುವುದು ಮ್ಯಾನುವಲ್ ಗೇರ್ ಬಾಕ್ಸೇ, ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ಮಾತ್ರ ಯಂತ್ರ. ಹಾಗಾಗಿ ಕಾರು ಪೂರ್ತಿ ನಿಂತ ಮೇಲೇ, ಬ್ರೇಕ್ ಒತ್ತಿಕೊಂಡು ರಿವರ್ಸಿಗೆ ಹಾಕಿ, ಮೀಟರಿನಲ್ಲಿ ರಿವರ್ಸ್ ಬಿದ್ದಿರುವುದು ಕಂಡ ಮೇಲೆ ಆಕ್ಸಿಲರೇಟರ್ ಮುಟ್ಟಿ. ಉಳಿದ ಆಟೊಮ್ಯಾಟಿಕ್‌ಗಳಲ್ಲಿ ರಿವರ್ಸ್ ತಡವಾಗಿ ಬೀಳುವುದು, ನಡುಗುವುದು ಕಂಡರೆ ಅವುಗಳ ಆಯಿಲ್ ನೋಡಿಸಬೇಕು. ಇದು ಮನೆಯಲ್ಲಿ ಕೈ ಹಾಕುವ ಕೆಲಸವಲ್ಲ.

ಗ್ಯಾರೇಜಿನಲ್ಲಿ ಏನು ಹೇಳಬೇಕು?

"ರಿವರ್ಸಲ್ಲಿ ಸೌಂಡ್ ಬರ್ತಿದೆ ಅಣ್ಣ" ಅಂದರೆ ಮೆಕ್ಯಾನಿಕ್ಕಿಗೂ ಕತ್ತಲು. "ಕಾರು ಬಿಸಿಯಾದ ಮೇಲೂ ಬರ್ತದೆ, ಬ್ರೇಕ್ ಒತ್ತಿದರೆ ಜಾಸ್ತಿ, ಹಿಂದಿನ ಎಡಗಾಲಿ ಕಡೆ" ಅಂದರೆ ಅರ್ಧ ಕೆಲಸ ಮುಗಿದಂತೆ. ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡು ಹೋಗಿ. ಗ್ಯಾರೇಜಿನಲ್ಲಿ ಅದು ಬಾಯಿ ಮುಚ್ಚಿಕೊಳ್ಳುವುದೇ ಹೆಚ್ಚು. "ಗೇರ್ ಬಾಕ್ಸ್ ಇಳಿಸಬೇಕು" ಅಂತ ಮೊದಲ ಮಾತಿಗೇ ಹೇಳಿದರೆ, ಬ್ರೇಕ್ ಬಿಚ್ಚಿ ನೋಡಿದ್ದೀರಾ, ಕ್ಲಚ್ ಅಡ್ಜಸ್ಟ್ ಮಾಡಿ ನೋಡಿದ್ದೀರಾ ಅಂತ ಕೇಳಿ. ಬಿಚ್ಚಿದ ಹಳೇ ಪ್ಯಾಡುಗಳನ್ನು ತೋರಿಸಲು ಹೇಳಿ.

ನೀವೇ ಗಾಲಿ ಬಿಚ್ಚಿ ನೋಡುವುದಾದರೆ ಬರೀ ಜಾಕ್ ನಂಬಿ ಕಾರಿನಡಿ ತಲೆ ಹಾಕಬೇಡಿ. ಪ್ಯಾಡ್ ಯಾವಾಗಲೂ ಎಡ ಬಲ ಎರಡೂ ಗಾಲಿಗೆ ಒಟ್ಟಿಗೇ ಹಾಕಿಸಬೇಕು, ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಕಾರು ಒಂದು ಕಡೆ ಎಳೆಯಬಹುದು. ಹೊಸ ಪ್ಯಾಡ್ ಹಾಕಲು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಆದ್ದರಿಂದ ಮೊದಲ ಒಂದೆರಡು ಸಲ ಪೆಡಲ್ ನೇರ ಕೆಳಗೆ ಹೋಗುತ್ತದೆ, ಬ್ರೇಕೇ ಹಿಡಿಯುವುದಿಲ್ಲ. ಕಾರು ಕದಲಿಸುವ ಮುಂಚೆ, ಪೆಡಲ್ ಗಟ್ಟಿಯಾಗುವವರೆಗೂ ನಾಲ್ಕಾರು ಸಲ ಒತ್ತಿ.